ಆಯಿಯ ಚೌಕಟ್ಟಿನಲ್ಲಿ ಹೂವು ಹಚ್ಚಿಸಿಕೊಂಡವರು

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಒಂದಿಷ್ಟು ತಪ್ಪಿರಬಹುದು. ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಕತ್ತರಿಯ ಹಿಡಿಗೆ ಕೆಂಪು ಬಟ್ಟೆ ಸುತ್ತಿತ್ತು ಎಂದು ನನ್ನ ನೆನಪು. ಹಸಿರು ಬಟ್ಟೆ ಎಂದು ನನ್ನ ಸೋದರತ್ತೆ ಕಮಲತ್ತಿ ಆಣೆ ಮಾಡುತ್ತಾಳೆ. ಬಟ್ಟೆಯೇ ಇರಲಿಲ್ಲ, ಅದು ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಅದಕ್ಕೆಲ್ಲಿಯ ಬಟ್ಟೆ ಎಂದು ಬಸು ಕಾಕಾ ನಗುತ್ತಾರೆ. ಮೂವರೂ ಹುಕ್ಕೇರಿಯ ಅದೇ ಪಡಸಾಲೆಯಲ್ಲಿ ಕೂತು ಅದೇ ಕತ್ತರಿಯನ್ನು ನೋಡಿದವರು. ದಿನಾ ಸಂಜೆ ದಿನಚರಿ ಬರೆಯುವ ಚಟ ನನಗೆ ಹತ್ತಿದ್ದು ಹೀಗೆ ನೆನಪು ತಪ್ಪೀತೆಂಬ ಅಂಜಿಕೆಯಿಂದ. ಆದರೆ ಅದು ಶುರುವಾದದ್ದು ಆಯಿ ತೀರಿಕೊಂಡ ಮೇಲೆ. ಅದಕ್ಕೂ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ. ಆ ಸಾಕ್ಷಿ ಎರಡನೆಯ ಪ್ರಶ್ನೆಗೇ ತಡವರಿಸುತ್ತದೆ.

ಇದೆಲ್ಲ ಏಕೆ ನೆನಪಾಯಿತೆಂದರೆ, ಒಂದು ಸಾಬೂನಿನ ಹಾಳೆಯಿಂದ. ಹೊಸ ಸಾಬೂನು ಬಿಚ್ಚಿ ಹಾಳೆಯನ್ನು ಕಸದ ಬುಟ್ಟಿಗೆ ಹಾಕಲು ಹೋದರೆ ನನ್ನ ಕೈ ಬುಟ್ಟಿಯ ಮೇಲೆ ಬಂದು ನಿಂತುಬಿಡುತ್ತದೆ. ಹಾಳೆಯ ಮೇಲೆ ಹೂವಿದ್ದರಂತೂ ಮುಗಿಯಿತು. ಗೋಕಾಕದ ನಮ್ಮ ಮನೆಯ ಅಡುಗೆಮನೆಯಲ್ಲಿ ಒಂದು ಖಾನೆ ತುಂಬ ಇಂಥವೇ ಇವೆ. "ಇದೇನು, ಸಾಬೂನಿನ ಅಂಗಡಿ ಇಡಾಕಿ ಇದ್ದೀಯೇನು?" ಎಂದು ನನ್ನ ಗಂಡ ಕೇಳುತ್ತಾರೆ. ಉತ್ತರ ಹೇಳಬೇಕೆಂದರೆ ಆಯಿಯ ಚೌಕಟ್ಟಿನಿಂದ ಶುರು ಮಾಡಬೇಕು. ಅಷ್ಟು ಕೇಳುವ ತಾಳ್ಮೆ ಅವರಿಗಿಲ್ಲ. ನಿಮಗಿದೆ ಎಂದುಕೊಂಡಿದ್ದೇನೆ.

ಹುಕ್ಕೇರಿಯ ಮನೆಯ ಪಡಸಾಲೆಯಲ್ಲಿ, ಒಳಗೆ ಕಾಲಿಟ್ಟವರಿಗೆ ಎದುರಾಗುವ ಗೋಡೆಯ ಮೇಲೆ, ಬಾಗಿಲಿನ ಅರ್ಧದಷ್ಟು ದೊಡ್ಡ ಗಾಜಿನ ಚೌಕಟ್ಟೊಂದಿತ್ತು. ಅದರೊಳಗೆ ಇಡೀ ಮನೆತನ. ಆದರೆ ಒಂದೇ ಫೋಟೋದಲ್ಲಿ ಅಲ್ಲ. ಎಲ್ಲರೂ ಕೂಡಿ ಫೋಟೋ ತೆಗೆಸಿಕೊಂಡಾಗಲೆಲ್ಲ ಯಾರೋ ಒಬ್ಬರ ಕಣ್ಣು ಮುಚ್ಚಿರುತ್ತಿತ್ತು, ಇನ್ನೊಬ್ಬರ ಬಾಯಿ ತೆರೆದಿರುತ್ತಿತ್ತು. ಆಯಿ ಸುಮ್ಮನೆ ಬಿಡುವವಳಲ್ಲ. ಎಲ್ಲ ಫೋಟೋಗಳಿಂದ ಚೆನ್ನಾಗಿ ಬಂದ ಮುಖಗಳನ್ನಷ್ಟೇ ಕತ್ತರಿಸಿ, ದಪ್ಪ ರಟ್ಟಿನ ಮೇಲೆ ತನಗೆ ಬೇಕಾದ ಹಾಗೆ ಕೂರಿಸಿದ್ದಳು. ಅಳತೆಯ ಗೊಡವೆ ಅವಳಿಗಿರಲಿಲ್ಲ. ಹಾಲು ಕುಡಿಯುವ ಕೂಸಾಗಿದ್ದ ನನ್ನ ತಲೆ ಅಜ್ಜನ ರುಮಾಲಿಗಿಂತ ದೊಡ್ಡದಾಗಿತ್ತು. ನನ್ನ ಅಪ್ಪ ಚಡ್ಡಿ ತೊಟ್ಟು ತನ್ನದೇ ಮದುವೆಯ ಪಕ್ಕದಲ್ಲಿ ನಿಂತಿದ್ದ. ಸುತ್ತಲೂ ಕ್ಯಾಲೆಂಡರಿನಿಂದ ಬಂದ ಬಳ್ಳಿ, ಬಿಸ್ಕತ್ತಿನ ಪೊಟ್ಟಣದಿಂದ ಬಂದ ಗೋಧಿಯ ತೆನೆ, ಮೇಲೆ ಮಧ್ಯದಲ್ಲಿ ಬಸವಣ್ಣನವರು.

ಇದಕ್ಕೆ ಕೊಲಾಜ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಧಾರವಾಡದಲ್ಲಿ ಎಂ.ಎ. ಓದುವಾಗ. ಫ್ರೆಂಚರ ಮಾತಂತೆ, ಅಂಟಿಸುವುದು ಎಂದಷ್ಟೇ ಅರ್ಥವಂತೆ. ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್ಸಿನ ಇಬ್ಬರು ಚಿತ್ರಕಾರರು ಬಣ್ಣ ಬಳಿದ ಬಟ್ಟೆಯ ಮೇಲೆ ಸುದ್ದಿಪತ್ರಿಕೆಯ ಚೂರು, ಗೋಡೆಗೆ ಹಚ್ಚುವ ಕಾಗದ ಎಲ್ಲ ಅಂಟಿಸಿದಾಗ ಕಲಾಲೋಕ ಬೆಚ್ಚಿಬಿತ್ತಂತೆ. ಅವರಿಗಿಂತ ಎಷ್ಟೋ ಶತಮಾನ ಮೊದಲೇ ಜಪಾನಿನಲ್ಲಿ ಬಣ್ಣಬಣ್ಣದ ಕಾಗದ ಹರಿದು ಜೋಡಿಸಿ ಅದರ ಮೇಲೆ ಕವಿತೆ ಬರೆಯುತ್ತಿದ್ದರಂತೆ. ರಜೆಗೆ ಬಂದಾಗ ಇದನ್ನೆಲ್ಲ ನಾನು ಆಯಿಗೆ ಬಿಗುಮಾನದಿಂದ ವಿವರಿಸಿದೆ. ಆಯಿ ಕೊನೆಯವರೆಗೂ ಕೇಳಿ, "ಅವರು ಅಂಟಿಗೆ ಮೈಲುತುತ್ತ ಹಾಕತಿದ್ದರೇನು?" ಎಂದಳು. ನನಗೆ ಗೊತ್ತಿರಲಿಲ್ಲ. "ಹಾಕಿರದಿದ್ರ ಹುಳಾ ತಿಂದಿರ್ತಾವ ಬಿಡು," ಎಂದು ಪ್ಯಾರಿಸ್ಸಿನ ಕಥೆ ಮುಗಿಸಿದಳು.

ಆಯಿಯ ಅಂಟು ಮೈದಾ ಹಿಟ್ಟಿನದು. ಗಂಟಾಗದಂತೆ ಸಣ್ಣ ಉರಿಯಲ್ಲಿ ಕಾಯಿಸಿ, ಚಿಟಿಕೆ ಮೈಲುತುತ್ತ ಬೆರೆಸಿ, ಮಕ್ಕಳ ಕೈಗೆ ಸಿಗದಂತೆ ಎತ್ತರದ ಗೂಡಿನಲ್ಲಿಡುತ್ತಿದ್ದಳು. ಚೂರುಗಳನ್ನು ಮೊದಲು ಅಂಟಿಲ್ಲದೆ ಜೋಡಿಸಿ, ಎದ್ದು ಹೋಗಿ ಹೊಸ್ತಿಲ ಹತ್ತಿರ ನಿಂತು ನೋಡಿ, ಮತ್ತೆ ಬಂದು ಸರಿಸಿ, ಆಮೇಲೆ ಅಂಟಿಸುವುದು. ಹಿಂದಿರುವುದು ಮೊದಲು, ಮುಂದಿರುವುದು ಕೊನೆಗೆ. ಈ ಬೇಸಿಗೆಯಲ್ಲಿ ನಮ್ಮ ಓಣಿಯ ಮಕ್ಕಳಿಗೆ ಕೊಲಾಜ್ ಕಲಿಸುವಾಗ ನಾನೂ ಇದನ್ನೇ ಹೇಳಿಕೊಟ್ಟೆ, ಪ್ಯಾರಿಸ್ಸಿನಿಂದ ಕಲಿತವಳ ಹಾಗೆ.

ಆದರೆ ಒಂದು ಮಾತು ಮಕ್ಕಳಿಗೆ ಹೇಳಲಿಲ್ಲ. ಆಯಿಯ ಚೌಕಟ್ಟು ಎಂದೂ ಮುಗಿದಿರಲಿಲ್ಲ. ಮನೆಯಲ್ಲಿ ಯಾರ ಮೇಲಾದರೂ ಅವಳಿಗೆ ಸಿಟ್ಟು ಬಂತೆಂದರೆ ಬೈಯುತ್ತಿರಲಿಲ್ಲ. ಸೋಮವಾರದ ಪೂಜೆ ಮುಗಿಸಿ ಚೌಕಟ್ಟನ್ನು ಇಳಿಸಿ, ಹಿಂದಿನ ಹಲಗೆಯ ಮೊಳೆ ಬಿಚ್ಚಿ, ಸಿಟ್ಟಿಗೆ ಕಾರಣರಾದವರ ಮುಖದ ಮೇಲೆ ಒಂದು ಹೂವು ಹಚ್ಚಿಬಿಡುತ್ತಿದ್ದಳು. ಸಾಬೂನಿನ ಹಾಳೆಯಿಂದ ಕತ್ತರಿಸಿದ ಹೂವು. ಹೆಣ್ಣುಮಕ್ಕಳಿಗೆ ಗುಲಾಬಿ, ಕಮಲ. ಗಂಡಸರಿಗೆ ಗಿಳಿ, ಹುಂಜ. ಮನೆಯ ಅಳಿಯನಿಗೆ ಮಾತ್ರ ಪೂರ್ತಿ ಮುಚ್ಚುವಂತಿಲ್ಲ, ಮರ್ಯಾದೆಯ ಪ್ರಶ್ನೆ. ಮೀಸೆಯ ಮೇಲಷ್ಟೇ ಒಂದು ಎಲೆ. ಅಂಟು ಅಂಚಿಗೆ ಮಾತ್ರ, ಅದೂ ಬೆರಳ ತುದಿಯಷ್ಟು. ಸಿಟ್ಟು ಇಳಿದ ಮೇಲೆ ಒದ್ದೆ ಬಟ್ಟೆ ಮುಟ್ಟಿಸಿದರೆ ಹೂವು ಬಿಟ್ಟುಕೊಳ್ಳಬೇಕು, ಕೆಳಗಿನ ಮುಖಕ್ಕೆ ಗೀರು ಬೀಳಬಾರದು.

ಹಾಗಾಗಿ ನಮ್ಮ ಮನೆಗೆ ಬಂದ ಯಾರೇ ಆಗಲಿ, ಕಾಲು ತೊಳೆಯುವ ಮೊದಲು ಗೋಡೆ ನೋಡುತ್ತಿದ್ದರು. ಬಸು ಕಾಕಾ, ಅಪ್ಪನ ತಮ್ಮ, ಅದೇ ಮನೆಯಲ್ಲಿ ಇದ್ದವರು. ಅವರು ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದರು. "ಅವ್ವಾ, ಇವತ್ತ ನಾ ಹುಂಜ ಏನು?" ಎಂದು ಅಲ್ಲಿಂದಲೇ ಕೂಗುವರು. "ಹುಂಜಕ್ಕರ ಹೊತ್ತಿಗೆ ಸರಿಯಾಗಿ ಏಳೋದು ಗೊತ್ತೈತಿ," ಎಂದು ಅಡುಗೆಮನೆಯಿಂದ ಉತ್ತರ.

ನನಗೂ ಹೂವು ಬಿದ್ದಿತ್ತು. ಧಾರವಾಡದಲ್ಲಿ ಜಡೆ ಕತ್ತರಿಸಿಕೊಂಡು ಬಂದೆ. ಆಯಿ ಬಾಯಿ ಬಿಡಲಿಲ್ಲ. ಮುಂದಿನ ಸಲ ಬಂದಾಗ ನನ್ನ ದೊಡ್ಡ ತಲೆಯ ಜಾಗದಲ್ಲಿ ಅಷ್ಟೇ ದೊಡ್ಡ ದಾಸವಾಳ. ನಾನು ಓದಿದವಳಲ್ಲವೇ, ಅವಮಾನ ಎಂದುಕೊಂಡು ಬಾಗಿಲು ಹಾಕಿಕೊಂಡು ಕೂತೆ. ಆಮೇಲೆ ಗೋಕಾಕದ ಕರದಂಟಿನ ಡಬ್ಬಿಯೊಂದನ್ನು ಅವಳ ಮುಂದಿಟ್ಟೆ. ಹೂವು ಮರುಸೋಮವಾರ ಹೋಯಿತು. ಡಬ್ಬಿಯ ಮುಚ್ಚಳದ ಮೇಲಿದ್ದ ನವಿಲನ್ನೂ ಆಯಿ ಕತ್ತರಿಸಿ ಇಟ್ಟುಕೊಂಡಳು, ಮುಂದೆ ಯಾರಿಗೋ ಬೇಕಾಗುತ್ತದೆಂದು.

ಎಲ್ಲರ ಹೂವೂ ಹೀಗೆ ಬಂದು ಹೀಗೆ ಹೋಗುತ್ತಿತ್ತು. ಹೋಗದೆ ಉಳಿದದ್ದು ಕಮಲತ್ತಿಯದು.

ಕಮಲತ್ತಿ ಆಯಿಯ ಒಬ್ಬಳೇ ಮಗಳು, ಮೂಡಲಗಿಗೆ ಕೊಟ್ಟವಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಆಯಿ ತಿಂಗಳುಗಟ್ಟಲೆ ಮೊದಲೇ ಬಾಣಂತಿ ತಿನ್ನುವ ಅಂಟಿನ ಉಂಡೆ ಕಟ್ಟಿ, ಕೌದಿ ಹೊಲಿದು, ತೊಟ್ಟಿಲಿಗೆ ಎಣ್ಣೆ ಹಚ್ಚಿ ಕಾದಿದ್ದಳು. ಕರೆದುಕೊಂಡು ಬರಲು ದಿನ ಗೊತ್ತಾಗಿತ್ತು. ಅದಕ್ಕೂ ಮೊದಲೇ ಮೂಡಲಗಿಯಲ್ಲಿ ಹೆರಿಗೆಯಾಯಿತು. ಹಸಿ ಬಾಣಂತಿಯನ್ನು ಬಸ್ಸಿನಲ್ಲಿ ಕೂರಿಸಿ ಕಳಿಸುವುದು ಬೇಡ ಎಂದು ಅತ್ತೆಯಾದವಳು ಉಳಿಸಿಕೊಂಡಳು. ಅಲ್ಲಿಯವರೆಗೂ ತಪ್ಪಿಲ್ಲ. ತಪ್ಪಾದದ್ದು ಆಮೇಲೆ. ಊರೂರು ಸುತ್ತುವ ಬಳೆಗಾರ ಮೂಡಲಗಿಗೆ ಬಂದಾಗ ಕಮಲತ್ತಿ ಬಳೆ ಇಡಿಸಿಕೊಳ್ಳುತ್ತ, ನಮ್ಮತ್ತಿ ಕೈಯಾಗ ಬಾಣಂತನ ಭಾಳ ಛಲೋ ಆತು ಎಂದಳು. ಬಳೆಗಾರ ಮುಂದೆ ಹುಕ್ಕೇರಿಗೆ ಬಂದು, ಆಯಿಗೆ ಸಂತೋಷವಾಗಲೆಂದು ಅದನ್ನೇ ಹೇಳಿದ.

"ನಾ ಸುಳ್ಳ ಹೇಳಿದ್ದಿಲ್ಲ," ಎಂದು ಕಮಲತ್ತಿ ಈಗಲೂ ವಾದಿಸುತ್ತಾಳೆ. "ನಮ್ಮವ್ವನ ಬಾಣಂತನ ಅಂದ್ರ ನಿನಗೇನ ಗೊತ್ತು? ಬರೇ ಬಳ್ಳೊಳ್ಳಿ, ಮೆಣಸು, ಹೊಗಿ. ಮನ್ಯಾಗಿನ ಬಾಣಂತ್ಯಾರು ನೀರ ಕೇಳಿದ್ರ ಕಣ್ಣ ಬಿಡತಿದ್ಲು. ನಮ್ಮತ್ತಿ ಕದ್ದು ಮಜ್ಜಿಗಿ ಕೊಟ್ಲು."

ಆ ಸೋಮವಾರ ಹಚ್ಚಿದ ಹೂವು ಹಾಗೇ ಉಳಿಯಿತು. ತಾಯಿ ಮಗಳು ಮಾತು ಬಿಡಲಿಲ್ಲ. ಪಂಚಮಿಗೆ ಕಮಲತ್ತಿ ಬರುತ್ತಿದ್ದಳು, ಆಯಿ ಉಡಿ ತುಂಬಿ ಕಳಿಸುತ್ತಿದ್ದಳು. ಕಮಲತ್ತಿ ಮಾತ್ರ ಊಟಕ್ಕೆ ಕೂತರೂ ಹರಟೆಗೆ ಕೂತರೂ ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದಳು. ಬಸು ಕಾಕಾ ಬಿಡಬೇಕಲ್ಲ: "ಹೂವಿನ ಹಿಂದ ಏನೂ ಇಲ್ಲಕ್ಕಾ. ಅವ್ವ ನಿನ್ನ ಮಾರಿ ಬ್ಲೇಡಿಲೆ ಕತ್ತರಿಸಿ ಒಲಿಗೆ ಹಾಕ್ಯಾಳ. ನಾನ ನೋಡೇನಿ." ಅದು ತಮಾಷೆ ಎಂದು ನಮಗೆಲ್ಲ ಗೊತ್ತಿತ್ತು. ಕಮಲತ್ತಿಯೂ ನಗುತ್ತಿದ್ದಳು. ಆದರೆ ಎದ್ದು ಹೋಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ಆಯಿ ಹೋದ ಮೇಲಂತೂ ಕೇಳಲು ಯಾರೂ ಉಳಿಯಲಿಲ್ಲ.

ಈಚೆಗೆ ಚೌಕಟ್ಟಿನ ಹಿಂದಿನ ಹಲಗೆಗೆ ಗೆದ್ದಲು ಹತ್ತಿತು. ಕಾಕಾ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಘಟಪ್ರಭಾಕ್ಕೆ ಹೊರಟಿದ್ದ ಯಾರದೋ ಜೀಪಿನಲ್ಲಿ ನನ್ನ ಕಡೆ ಕಳಿಸಿದರು. ಮನೆಯಲ್ಲಿ ಕೊಲಾಜ್ ಎಂಬ ಶಬ್ದ ಗೊತ್ತಿರುವವಳು ನಾನೊಬ್ಬಳೇ ಎಂಬ ಕಾರಣಕ್ಕೆ. ಅಂದೇ ಸಂಜೆ ಮೂಡಲಗಿಯಿಂದ ಫೋನು.

"ಏ ಸವಿ, ಆ ಕಟ್ಟು ನಿನ್ನ ಕಡೆ ಬಂದೈತಂತಲ್ಲ?"

"ಹೌದತ್ತಿ. ಹಲಗಿ ಬದಲಿ ಮಾಡಬೇಕು."

"ಹಲಗಿ ಬದಲಿ ಮಾಡು. ನನ್ನ ಹೂವ ಮುಟ್ಟಬ್ಯಾಡ."

"ಯಾಕತ್ತಿ?"

"ಹೂವಿರೋತನಕ ಹಿಂದ ನಾ ಇದ್ದೇನಿ ಅಂದ್ಕೊಂಡಿರತೇನಿ. ಕಿತ್ತಮ್ಯಾಲೆ ಅಲ್ಲಿ ತೂತಿದ್ರ? ಈ ವಯಸ್ಸಿನ್ಯಾಗ ಅದನ್ನೊಂದು ನೋಡಬೇಕೇನು ನಾ?"

ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಮರುದಿನ ಮಧ್ಯಾಹ್ನ ನಾಗನೂರಿನ ಮೇಲೆ ಬರುವ ಬಸ್ಸಿನಿಂದ ಇಳಿದು ಕಮಲತ್ತಿಯೇ ಬಾಗಿಲಲ್ಲಿ ನಿಂತಿದ್ದಳು, ಕೈಚೀಲದಲ್ಲಿ ಬದನೆಕಾಯಿ ತುಂಬಿಕೊಂಡು. "ನಿದ್ದಿ ಹತ್ತಲಿಲ್ಲವಾ. ತೂತಿದ್ರ ತೂತು. ತಗಿ."

ನೀರು ಕುಡಿದು ಕೂತವಳ ಕಣ್ಣು ಮೊದಲು ಹೋದದ್ದು ನಮ್ಮ ನೆಲದ ಮೇಲೆ ಒಣಗಲು ಹರಡಿದ್ದ ಮಕ್ಕಳ ಕೊಲಾಜುಗಳ ಕಡೆಗೆ. ಒಂದನ್ನು ಎತ್ತಿ ಉಗುರಿನಿಂದ ಕೆರೆದು ನೋಡಿದಳು.

"ಇಷ್ಟು ಅಂಟ ಬಡದೀರಲ್ಲ, ನಾಳಿ ಸಿಟ್ಟ ಇಳಿದಮ್ಯಾಲೆ ಕೀಳೋದು ಹ್ಯಾಂಗ?"

"ಇದು ಸಿಟ್ಟಿಗೆ ಹಚ್ಚಿದ್ದಲ್ಲತ್ತಿ, ಚಿತ್ರ."

"ಸಿಟ್ಟಿಲ್ಲದ ಯಾರರ ಇಷ್ಟ ಹಾಳಿ ಹರೀತಾರೇನು?"

ಚೌಕಟ್ಟನ್ನು ಮಂಚದ ಮೇಲೆ ಬೋರಲು ಹಾಕಿ ಗೆದ್ದಲು ತಿಂದ ಹಲಗೆ ತೆಗೆದೆ. ರಟ್ಟನ್ನು ಹೊರಗೆಳೆದು ತಿರುಗಿಸಿ ಇಟ್ಟೆ. ಗಾಜಿಲ್ಲದೆ ನೋಡಿದರೆ ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದಂತೆ ಕಂಡರು. ಅಜ್ಜನ ಎಡಕ್ಕೆ ಕಮಲತ್ತಿಯ ಹೂವು. ತಾವರೆ, ಹೊಳೆಯುವ ಗುಲಾಬಿ ಬಣ್ಣದ್ದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಅಂಚಿಗೆ ಮುಟ್ಟಿಸಿದೆ. ಏನೂ ಆಗಲಿಲ್ಲ. ಮತ್ತೆ ಮುಟ್ಟಿಸಿದೆ. ಆಯಿಯ ಹೂವುಗಳು ಇಷ್ಟು ಹೊತ್ತಿಗೆ ಬಿಟ್ಟುಕೊಳ್ಳಬೇಕಿತ್ತು. ಇದು ಜಗ್ಗಲಿಲ್ಲ.

"ನೋಡಿದೇನು?" ಎಂದಳು ಕಮಲತ್ತಿ. ದನಿ ಸಣ್ಣದಾಗಿತ್ತು. "ಎಲ್ಲಾರದೂ ಹಗೂರ ಹಚ್ಯಾಳ. ನನಗ ಮಾತ್ರ ಬಿಗಿಯಾಗಿ ಬಡದಾಳ."

ನಾನು ಬ್ಲೇಡು ತೆಗೆದುಕೊಂಡೆ. ಬ್ಲೇಡು ಕಂಡದ್ದೇ ಕಮಲತ್ತಿ ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತಳು. ಹಾಳೆಯ ಕೆಳಗೆ ಬ್ಲೇಡಿನ ಮೂಲೆ ತೂರಿಸಿ, ಉಸಿರು ಹಿಡಿದು, ಅಂಚಿನ ಉದ್ದಕ್ಕೂ ನಡೆಸಿದೆ. ಒಂದು ಬದಿ ಎದ್ದಿತು. ಇನ್ನೊಂದು ಬದಿ ಎದ್ದಿತು. ಹೂವು ನನ್ನ ಕೈಗೆ ಬಂತು.

"ಅತ್ತಿ, ಬಾ ಇಲ್ಲೆ."

"ತೂತೇನು?"

"ನೀನ ಬಂದು ನೋಡಬಾರದೇನು!"

ಬಂದಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಬಗ್ಗಿದಳು. ತೂತಿರಲಿಲ್ಲ. ಹದಿನೆಂಟೋ ಇಪ್ಪತ್ತೋ ವರ್ಷದ ಕಮಲತ್ತಿ, ಎರಡೂ ಹೆಗಲ ಮೇಲೆ ಜಡೆ, ಮೂಗಿಗೆ ಮುತ್ತಿನ ನತ್ತು, ಗೀರಿಲ್ಲ, ಕಲೆಯಿಲ್ಲ, ನಗು ತಡೆದುಕೊಂಡ ತುಟಿ. ಇಷ್ಟು ವರ್ಷ ಬೆಳಕು ಬೀಳದ್ದರಿಂದ ಚೌಕಟ್ಟಿನಲ್ಲಿ ಉಳಿದೆಲ್ಲ ಮುಖಗಳಿಗಿಂತ ಇದೇ ಹೊಸದಾಗಿತ್ತು. ಅಜ್ಜನೇ ಮಾಸಿ ಹಳದಿಯಾಗಿದ್ದ.

"ಅಯ್ಯ ಸವಿ," ಎಂದಳು ಕಮಲತ್ತಿ. "ಎಷ್ಟು ತೆಳ್ಳಗಿದ್ದೆ ನೋಡ ನಾ!"

ನನಗೆ ಒಮ್ಮೆಲೇ ನಗು ಬಂದುಬಿಟ್ಟಿತು. ಅವಳಿಗೂ ಬಂತು. ನಕ್ಕು ಮುಗಿದ ಮೇಲೆ ಅವಳೇ ಬೆರಳಿಟ್ಟು ತೋರಿಸಿದಳು: ಮುಖದ ಸುತ್ತ, ಸೆರಗಿನ ಮೇಲೆ, ಅಜ್ಜನ ತೋಳಿನ ತನಕ, ಒಂದರ ಮೇಲೊಂದು ಒಣಗಿದ ಅಂಟಿನ ತೆಳುವಾದ ಗೆರೆಗಳು. ಒಂದು ದುಂಡಗೆ, ಒಂದು ಉದ್ದಕ್ಕೆ, ಒಂದಕ್ಕೆ ಎಸಳಿನ ಆಕಾರ. ಒಂದೇ ಹೂವು ಅಷ್ಟು ವರ್ಷ ಕೂತಿರಲಿಲ್ಲ. ಆಯಿ ಅದನ್ನು ತೆಗೆದಿದ್ದಳು, ಮತ್ತೆ ಹಚ್ಚಿದ್ದಳು. ಮತ್ತೆ ತೆಗೆದಿದ್ದಳು. ಗೆರೆಗಳನ್ನು ಲೆಕ್ಕ ಮಾಡಲು ನಾನು ಹೋಗಲಿಲ್ಲ, ಬಹಳ ಇದ್ದವು.

"ಮುದುಕಿ, ತಗದು ತಗದು ನೋಡ್ಯಾಳ ನನ್ನ," ಎಂದಳು ಕಮಲತ್ತಿ. "ನೋಡಾಕಿ, ಮತ್ತ ಮುಚ್ಚಾಕಿ. ಮಾತಾಡಿದ್ರ ಆಕಿದೇನ ಗಂಟ ಹೋಗತಿತ್ತು?" ಬೈಗುಳದ ಮಾತೇ. ಆದರೆ ಅವಳ ಭುಜ ಇಳಿದಿತ್ತು, ದೂರದಿಂದ ಹೊತ್ತು ತಂದ ಕೊಡವನ್ನು ಇಳಿಸಿದವರಿಗೆ ಇಳಿಯುವಂತೆ. ಬದನೆಕಾಯಿ ಎಣ್ಣೆಗಾಯಿಗೆ ಬಿಸಿ ರೊಟ್ಟಿ ಹಾಕಿಸಿಕೊಂಡು ಉಂಡಳು. ಊಟಕ್ಕೆ ಕೂತದ್ದು ಚೌಕಟ್ಟಿನ ಎದುರಿಗೆ, ಮುಖ ಮಾಡಿ. ಹಲಗೆ ಹಾಕಿಸಿ ಬೇಗ ಹುಕ್ಕೇರಿಗೆ ಕಳಿಸು, ಪಂಚಮಿಗೆ ನಾನು ಬರುತ್ತೇನೆ ಎಂದು ಹೇಳಿ ಸಂಜೆಯ ಬಸ್ಸು ಹತ್ತಿದಳು. ನನಗೂ ಎಷ್ಟು ಹಗುರವಾಯಿತೆಂದರೆ, ಅಂದಿನ ದಿನಚರಿಯಲ್ಲಿ ಬದನೆಕಾಯಿಯ ರುಚಿಯನ್ನೂ ಬರೆದಿದ್ದೇನೆ.

ಬರೆದು ಮುಗಿಸಿ, ಕಿತ್ತ ತಾವರೆಯನ್ನು ಸಾಬೂನಿನ ಹಾಳೆಗಳ ಜೊತೆ ಇಡಲು ಹೋದೆ. ಕಾಗದ ಬೇರೆ ಎಂದು ಆಗ ಕೈಗೆ ಗೊತ್ತಾಯಿತು. ಸಾಬೂನಿನದಲ್ಲ. ತಿರುಗಿಸಿ ನೋಡಿದೆ. ಹುಕ್ಕೇರಿಯ ಯಾವುದೋ ಸೀರೆ ಅಂಗಡಿಯ ದೀಪಾವಳಿಯ ಕರಪತ್ರ. ಹಿಂದುಗಡೆ ಅರ್ಧ ಅಕ್ಷರಗಳ ಪಕ್ಕದಲ್ಲಿ, ಈಗ ಎಲ್ಲ ಅಂಗಡಿಗಳಲ್ಲೂ ಹಣ ಕೊಡಲು ಮೊಬೈಲು ಹಿಡಿಯುತ್ತೇವಲ್ಲ, ಆ ಕಪ್ಪು ಬಿಳಿ ಚುಕ್ಕಿಗಳ ಚೌಕ. ಆಯಿ ತೀರಿಕೊಂಡಾಗ ಅಂಥದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಅಂಚಿಗಿದ್ದ ಅಂಟೂ ಮೈದಾ ಹಿಟ್ಟಿನದಲ್ಲ, ಅಂಗಡಿಯಲ್ಲಿ ಸಿಗುವ ಬಿಳಿ ಅಂಟು. ಮಕ್ಕಳಿಗೆ ನಾನು ತಂದುಕೊಟ್ಟಂಥದು.

ಬಿಗಿಯಾಗಿ ಬಡಿದವಳು ಆಯಿ ಅಲ್ಲ. ಅದು ಒಳ್ಳೆಯ ಸುದ್ದಿ, ಕಮಲತ್ತಿಗೆ ಆಗಲೇ ಫೋನು ಮಾಡಿ ಹೇಳಿಬಿಡಬೇಕೆನಿಸಿತು. ಕೈ ತಡೆಯಿತು. ಈ ಹೂವಿನ ಕೆಳಗೆ ಆಯಿಯ ಹೂವು ಇರಲಿಲ್ಲ. ಅವಳದು ತಾನಾಗಿ ಉದುರಿಹೋಗಿ, ಅವ್ವ ಇಟ್ಟಂತೆ ಇರಲಿ ಎಂದು ಯಾರೋ ಇನ್ನೊಂದು ಹಚ್ಚಿರಬಹುದು. ಅಥವಾ ಆಯಿ ಕೊನೆಗೊಂದು ಸೋಮವಾರ ತೆಗೆದವಳು ಮತ್ತೆ ಹಚ್ಚದೆ ಬಿಟ್ಟಿರಬಹುದು, ಮಗಳ ಮುಖ ಗೋಡೆಯ ಮೇಲೆ ತೆರೆದೇ ಇದ್ದಿರಬಹುದು; ಆಯಿ ಹೋದ ಮೇಲೆ ಆ ಮನೆಯಲ್ಲಿದ್ದ ಯಾರೋ ಮುಚ್ಚಿರಬಹುದು. ಆಯಿ ತೀರಿಕೊಂಡ ದಿನ ನಾನು ಆ ಪಡಸಾಲೆಯಲ್ಲೇ ಇದ್ದೆ. ಎದುರಿಗೇ ಚೌಕಟ್ಟು. ಕಣ್ಣು ಮುಚ್ಚಿ ನೆನೆದರೆ ಒಮ್ಮೆ ಹೂವು ಕಾಣುತ್ತದೆ, ಒಮ್ಮೆ ನತ್ತು ಕಾಣುತ್ತದೆ. ನತ್ತನ್ನು ನಾನು ಅಂದು ನೋಡಿದ್ದೋ, ಈಗ ನೋಡಿದ್ದನ್ನು ಅಲ್ಲಿ ಅಂಟಿಸುತ್ತಿದ್ದೇನೋ ಹೇಳಲಾರೆ. ಕಮಲತ್ತಿ ಅಂದು ಅಳುತ್ತ ಬಂದು, ಅಭ್ಯಾಸದಂತೆ ಆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಅದೊಂದು ನನಗೆ ಖಂಡಿತ ನೆನಪಿದೆ.

ಹೊಸ ಹಲಗೆ ಹಾಕಿಸಿ ಚೌಕಟ್ಟನ್ನು ನಾನೇ ಹುಕ್ಕೇರಿಗೆ ಒಯ್ದೆ. ಬಸು ಕಾಕಾ ಖುಷಿಯಿಂದ ಗಾಜು ಒರೆಸಿ, ಅಕ್ಕನ ಮುಖ ಕಂಡು, "ಅಬಬಬ, ಅಕ್ಕ ಒಲಿಯಾಗಿಂದ ಎದ್ದು ಬಂದಾಳಲ್ಲ!" ಎಂದು ದೊಡ್ಡದಾಗಿ ನಕ್ಕರು. ಸ್ಟೂಲು ಹತ್ತಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಹಳೆಯ ಜಾಗದಲ್ಲೇ ತೂಗು ಹಾಕಿದರು. ಇಳಿದು ಬಂದು ನನ್ನ ಪಕ್ಕ ನಿಂತು, ಕತ್ತು ವಾರೆ ಮಾಡಿ, ಸೊಟ್ಟಗಿದೆಯೇ ಎಂದು ನೋಡುತ್ತಿದ್ದರು.

"ಕಾಕಾ," ಎಂದೆ, "ಆಯಿ ಹೋದ ದಿನ ಅತ್ತಿ ಮಾರಿ ಮ್ಯಾಲೆ ಹೂವ ಇತ್ತೇನ್ರಿ?"

ಚೌಕಟ್ಟು ಗೋಡೆಗೆ ಏರಿ ಆಗಿತ್ತು, ಇನ್ನು ಮೊಳೆಯ ಕೆಲಸವಿರಲಿಲ್ಲ. ಕಾಕಾ ಬಾಯಿಂದ ಮೊಳೆ ತೆಗೆಯಲಿಲ್ಲ.